ಕುರಿ ಎಷ್ಟು ಅಂತ ಕೇಳಬಾರದು

ಮಂಜೂರ್ ಸಾಬರ ಮಗಳು ಮಸರತ್‌ಗೆ ತಲೆ ತಿರುಗಿದೆ ಎಂದು ಹೇಳುವವರು ನಮ್ಮ ಜಗಳೂರಿನಲ್ಲಿ ಈಗಲೂ ಇದ್ದಾರೆ. ಹೇಳಿಕೊಳ್ಳಲಿ. ಸಾಬರ ವೆಲ್ಡಿಂಗ್ ಶಾಪಿನ ಪಕ್ಕದಲ್ಲೇ ನನ್ನ, ಅಂದರೆ ಈ ಆಶಾಳ, ಜೆರಾಕ್ಸ್ ಅಂಗಡಿ ಇರುವುದು. ನಡುವೆ ಒಂದು ತಗಡಿನ ಗೋಡೆ, ಅಷ್ಟೆ. ಅಪ್ಪ ಮಗಳ ಜಗಳ ಕೇಳಲು ನಾನು ಕಿವಿಗೊಡಬೇಕಾಗಿಲ್ಲ, ಅದೇ ಬಂದು ಕಿವಿಗೆ ಬೀಳುತ್ತದೆ. ಸಿಟ್ಟು ಏರಿದರೆ ಇಬ್ಬರೂ ಉರ್ದುವಿಗೆ ಹೋಗುತ್ತಾರೆ, ಗಿರಾಕಿ ಬಂದರೆ ಕನ್ನಡಕ್ಕೆ ಬರುತ್ತಾರೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನನಗೆ ಎರಡೂ ಅರ್ಥವಾಗುತ್ತವೆ.

ಸಾಬರ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ. ಕುರಿಮನೆ ಕಟ್ಟುವುದರಲ್ಲಂತೂ ಅವರದು ಎತ್ತಿದ ಕೈ. ಕಬ್ಬಿಣದ ಕಾಲುಗಳ ಮೇಲೆ ಅಟ್ಟ, ಅಟ್ಟಕ್ಕೆ ಸಂದು ಬಿಟ್ಟು ಜೋಡಿಸಿದ ಹಲಗೆ. ಹಿಕ್ಕೆ ಸಂದಿನಿಂದ ಕೆಳಗೆ ಬೀಳುತ್ತದೆ, ಕುರಿ ಮೇಲೆ ಒಣ ಜಾಗದಲ್ಲಿ ಮಲಗುತ್ತದೆ. ತೊಡಕು ಇದ್ದದ್ದು ಮಾತಿನಲ್ಲಿ. ಗಿರಾಕಿ ಬಂದರೆ ಸಾಬರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ನಾಲ್ಕು ಗೆರೆ ಎಳೆಯುತ್ತಿದ್ದರು, ಗಿರಾಕಿ ತಲೆಯಾಡಿಸುತ್ತಿದ್ದ. ಮನೆ ಎದ್ದು ನಿಂತ ಮೇಲೆ, ಮೇವಿನ ಗೋದಲಿ ಒಳಗೆ ಯಾಕೆ ಇಟ್ಟಿರಿ, ಬಾಗಿಲು ಮೂಡಕ್ಕೆ ಅಂದಿದ್ದೆನಲ್ಲ ಎಂದು ತಕರಾರು ತೆಗೆಯುತ್ತಿದ್ದ. ಮತ್ತೆ ಕೊಯ್ಯುವುದು, ಮತ್ತೆ ಬೆಸೆಯುವುದು.

ಡಿಪ್ಲೊಮಾ ಮುಗಿಸಿ ಬಂದ ಮಸರತ್ ಈ ಕೂಗಾಟವನ್ನು ಒಂದಷ್ಟು ಕಾಲ ನೋಡಿದಳು. ಆಮೇಲೆ ಫೋನಿನೊಳಗೆ ಒಂದು ಕುರಿಮನೆ ಕಟ್ಟಿದಳು. ಬೆರಳಲ್ಲಿ ತಿರುಗಿಸಿದರೆ ಹಿಂದೆ ಮುಂದೆ ಎಲ್ಲ ಕಾಣುತ್ತದೆ. ಗೋದಲಿ ಮುಟ್ಟಿದರೆ ಒಳಗಿನದು ಹೊರಗೆ ಬರುತ್ತದೆ. ಬಾಗಿಲು ಎಳೆದ ಕಡೆಗೆ ಹೋಗುತ್ತದೆ. ಹಲಗೆ ಬೇಡವೆಂದರೆ ಪ್ಲಾಸ್ಟಿಕ್ ಜಾಲರಿ ಹಾಕಿಕೊಳ್ಳಬಹುದು, ತಗಡಿಗೆ ಬೇಕಾದ ಬಣ್ಣ ಕೊಡಬಹುದು. ಮನಸ್ಸಿಗೆ ಒಪ್ಪಿದರೆ ಕೊನೆಯ ಗುಂಡಿ ಒತ್ತಬೇಕು, ಯಾವ ಕಬ್ಬಿಣದ ಆಂಗಲ್ ಎಷ್ಟುದ್ದ ಕೊಯ್ಯಬೇಕು ಎಂಬುದರ ಸಮೇತ ಆರ್ಡರ್ ಶಾಪಿಗೆ ಬಂದು ಬೀಳುತ್ತದೆ. ನಾನೇ ಅಂಗಡಿಯ ಕೆಲಸ ಬಿಟ್ಟು ಅದರಲ್ಲಿ ಆಟವಾಡುತ್ತ ಕೂತಿದ್ದೆ. ನನಗೆ ಒಂದು ಕುರಿಯೂ ಇಲ್ಲ.

ಸಾಬರು ಒಪ್ಪಿದ್ದು ಅರೆಮನಸ್ಸಿನಿಂದ. ಇದರಿಂದ ಒಂದು ಮನೆ ತಕರಾರಿಲ್ಲದೆ ಎದ್ದರೆ ಶಾಪಿನಲ್ಲೇ ಇರು, ಕುರಿಗಾರರ ಹಟ್ಟಿಗಳಿಗೆ ಹೋಗಿ ಅಳತೆ ತೆಗೆಯುವ ಕೆಲಸವೂ ನಿನ್ನದೇ ಎಂದರು. ಇಲ್ಲದಿದ್ದರೆ ಈ ಆಟ ಮುಚ್ಚಿ, ದಾವಣಗೆರೆಯಲ್ಲಿ ಚಿಕ್ಕಪ್ಪ ನೋಡಿಟ್ಟಿರುವ ಆಫೀಸ್ ಕೆಲಸಕ್ಕೆ ಹೋಗಬೇಕು. ಮಗಳು ಗಂಡಸರ ನಡುವೆ ಕಬ್ಬಿಣ ಅಳೆಯುತ್ತ ನಿಲ್ಲುವುದು ಅವರಿಗೆ ಮೊದಲಿಂದಲೂ ಇಷ್ಟವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಹಟ್ಟಿಯ ಜನ ತಮ್ಮ ಫೋನುಗಳಲ್ಲಿ ಅದನ್ನು ತೆರೆದು ನೋಡಿದರು. ತೆರೆದವರೆಲ್ಲ ಮೊದಲ ಪುಟದಲ್ಲೇ ಬಿಟ್ಟು ಹೋದರು. ದಾಟಿ ಬಂದವರು ಕುರಿಗಾರ ಜುಂಜಪ್ಪ ಒಬ್ಬರೇ. ಅವರು ಒಪ್ಪಿದ ಚಿತ್ರದಂತೆಯೇ ಮನೆ ಎದ್ದಿತು. ವಾರ ಕಳೆಯುವುದರೊಳಗೆ ಹೆಂಡತಿ ಹೊನ್ನೂರಮ್ಮನನ್ನೂ ಕರೆದುಕೊಂಡು ಶಾಪಿನ ಮುಂದೆ ಬಂದು ನಿಂತರು.

ಕುರಿಗಳೆಲ್ಲ ಒಳಗೆ ಹಿಡಿಯುತ್ತಿಲ್ಲ ಎಂಬುದು ಅವರ ದೂರು. ಎಷ್ಟು ಹೊರಗೆ ಉಳಿಯುತ್ತವೆ ಎಂದು ಸಾಬರು ಕೇಳಿದರು. ಒಂದಷ್ಟು ಎಂದರು ಜುಂಜಪ್ಪ. ಒಂದಷ್ಟು ಅಂದರೆ? ಜುಂಜಪ್ಪ ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಒಂದಷ್ಟು ಎಂದರು. ಒಟ್ಟು ಎಷ್ಟಿವೆ ಎಂದು ಕೇಳಿದ್ದಕ್ಕೆ ಮುಖ ಕೆಂಪಗೆ ಮಾಡಿಕೊಂಡರು. ನಲವತ್ತು ಎಂದು ನೀವೇ ಒತ್ತಿದ್ದೀರಿ, ನೋಡಿ ಎಂದು ಸಾಬರು ಫೋನು ಹಿಡಿದರು.

"ಅದು ಕೇಳ್ತು. ಒತ್ತದಿದ್ರೆ ಮುಂದಕ್ಕೆ ಬಿಡಲಿಲ್ಲ, ಏನೋ ಒಂದು ಒತ್ತಿದೆ," ಎಂದರು ಜುಂಜಪ್ಪ. "ಇರಾ ಕುರಿ ಲೆಕ್ಕ ಹೇಳಾಕೆ ಆಗತೈತೇನ್ರಿ?"

ಆಗುವುದಿಲ್ಲ. ಮಂದೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ, ಮಂದೆ ಕರಗುತ್ತದೆ ಎಂದು ಇವರು ನಂಬಿದವರು. ಈ ಕಡೆ ಹುಟ್ಟಿದವರಿಗೆಲ್ಲ ಅದು ಗೊತ್ತು, ಮಸರತ್‌ಗೂ ಗೊತ್ತು. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನೆನಪಾಗಲಿಲ್ಲ. ನಿಮ್ಮಲ್ಲಿ ಎಷ್ಟು ಕುರಿ ಇವೆ ಎಂಬುದೇ ಅವಳ ಮೊದಲ ಪ್ರಶ್ನೆ. ಹಾಗೆ ಮುಖದ ಮೇಲೆ ಕೇಳುವವರು ಸಾಲದ ಆಫೀಸಿನವರು ಮಾತ್ರ. ಜನ ಓಡಿಹೋಗದೆ ಇನ್ನೇನು ಮಾಡುತ್ತಾರೆ?

ಸಾಬರಿಗೆ ಇಷ್ಟು ಸಾಕಾಯಿತು. ಬಾಯಲ್ಲಿ ಹೇಳದ್ದನ್ನು ಬೆರಳಲ್ಲಿ ಹೇಳುತ್ತಾರೆಯೇ, ನನ್ನ ಸೀಮೆಸುಣ್ಣವೇ ವಾಸಿ, ಎದುರು ನಿಂತವರ ಮುಖ ನೋಡಿಯಾದರೂ ಅಂದಾಜು ಸಿಗುತ್ತದೆ ಎಂದರು. ಈಗಲೇ ಚಿಕ್ಕಪ್ಪನಿಗೆ ಹೇಳುತ್ತೇನೆ ಎಂದೂ ಉರ್ದುವಿನಲ್ಲಿ ಸೇರಿಸಿದರು. ಮಸರತ್ ಉತ್ತರ ಕೊಟ್ಟದ್ದು ಕನ್ನಡದಲ್ಲಿ, ಗಿರಾಕಿಗಳಿಗೂ ಕೇಳಲಿ ಎಂದೇ.

"ಕೇಳಿದ್ದು ತಪ್ಪು ಅಬ್ಬಾ, ತೋರಿಸಿದ್ದು ತಪ್ಪಲ್ಲ. ಆ ಪ್ರಶ್ನೆ ಕಿತ್ತು ಹಾಕ್ತೀನಿ. ದಾವಣಗೆರೆಗೆ ಹೋಗಲ್ಲ."

ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ? ನಾಲ್ಕು ಜನರ ಮುಂದೆ ಅಪ್ಪನ ಮರ್ಯಾದೆ ತೆಗೆದಳು ಎಂದು ಬೀದಿಯೆಲ್ಲ ಆಡಿಕೊಂಡಿತು. ಆಡಿಕೊಂಡವರಲ್ಲಿ ಅರ್ಧ ಜನ ಜೀವಮಾನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದವರಲ್ಲ. ಮುಂದಿನ ಸಂತೆಗೆ ಬನ್ನಿ ಎಂದು ಜುಂಜಪ್ಪನವರಿಗೆ ಹೇಳಿ ಮಸರತ್ ಕೆಲಸಕ್ಕೆ ಕೂತಳು.

ಈ ಸಲ ಫೋನಿನಲ್ಲಿ ಪ್ರಶ್ನೆಯೇ ಇರಲಿಲ್ಲ. ಒಂದು ಪುಟ್ಟ ಅಟ್ಟ ಇತ್ತು. ಅದರ ಅಂಚು ಹಿಡಿದು ಎಳೆದರೆ ಅಟ್ಟ ಹಿಗ್ಗುತ್ತದೆ, ಹಿಗ್ಗಿದಂತೆಲ್ಲ ಕುರಿಗಳು ಬಂದು ಒಂದಕ್ಕೊಂದು ಒರಗಿ ಮಲಗುತ್ತವೆ. ತಮ್ಮ ಮಂದೆ ಮಲಗಿದಂತೆ ಕಂಡಾಗ ಬೆರಳು ಎತ್ತಿದರಾಯಿತು. ಅಂಕಿ ಎಲ್ಲೂ ಮೂಡುವುದಿಲ್ಲ. ಲೆಕ್ಕವಿಲ್ಲದೆ ಕಬ್ಬಿಣ ಕೊಯ್ಯುವುದು ಹೇಗೆ ಎಂದು ಸಾಬರು ಗದರಿದರು. ಕೊಯ್ಯುವುದು ಅಟ್ಟದ ಅಳತೆಗೆ, ಕುರಿಯ ಲೆಕ್ಕಕ್ಕಲ್ಲ ಎಂದಳು ಮಗಳು. ಸಾಬರು ಗೊಣಗುತ್ತ ಬೆಸುಗೆಯ ಕೆಲಸಕ್ಕೆ ತಿರುಗಿದರು.

ಸಂತೆಯ ದಿನ ಜುಂಜಪ್ಪ ದಂಪತಿ ಬಂದರು. ನಾನೂ ಜೆರಾಕ್ಸ್ ಮಷೀನು ಬಿಟ್ಟು ಹೋಗಿ ನಿಂತೆ. ಜುಂಜಪ್ಪ ಅಂಚು ಹಿಡಿದು ಅಂಜುತ್ತ ಅಂಜುತ್ತ ಎಳೆದು ನಿಲ್ಲಿಸಿದರು. ಹೊನ್ನೂರಮ್ಮ ಗಂಡನ ಕೈಯಿಂದ ಫೋನು ಕಿತ್ತುಕೊಂಡು, ಬೇಸಿಗೆಯಲ್ಲಿ ನಮ್ಮವು ಇಷ್ಟು ಒತ್ತಾಗಿ ಎಲ್ಲಿ ಮಲಗುತ್ತವೆ ಎಂದು ಇನ್ನಷ್ಟು ಎಳೆದರು. ಚಿತ್ರ ನೋಡಿದರು, ಮತ್ತೊಂದಿಷ್ಟು ಎಳೆದು, ತುಂಬಿದ ಅಟ್ಟವನ್ನು ಕಣ್ತುಂಬ ನೋಡುತ್ತ ನಿಂತರು. ಅವರು ನಕ್ಕದ್ದನ್ನು ನಾನು ಕಂಡೆ. ಆಮೇಲೆ ಗುಂಡಿಯನ್ನೂ ಅವರೇ ಒತ್ತಿದರು. ಇದ್ದ ಮನೆಗೆ ಎಷ್ಟು ಸೇರಿಸಿ ಕಟ್ಟಬೇಕೆಂಬುದು ಸಾಬರ ಮುಂದೆ ಬಂದು ಬಿತ್ತು.

ಸಾಬರ ಮುಖ ಸಡಿಲವಾಯಿತು. ಮಗಳ ಕಡೆ ತಿರುಗದೆ, ನಾಳೆ ನಾನೇ ಹಟ್ಟಿಗೆ ಬಂದು ಜಾಗದ ಅಳತೆ ತೆಗೆದುಕೊಳ್ಳುತ್ತೇನೆ ಎಂದರು. ಮಸರತ್ ತುಟಿ ಕಚ್ಚಿದಳು. ಗೆದ್ದ ಮೇಲೂ ಕೆಲಸ ಕೈ ಜಾರುತ್ತಿರುವುದು ನನಗೆ ಗೊತ್ತಾಯಿತು, ಮೈ ಉರಿಯಿತು.

"ನೀವು ಬರಬ್ಯಾಡ್ರಿ ಸಾಬ್ರೆ," ಎಂದರು ಹೊನ್ನೂರಮ್ಮ. "ನೀವು ಬಂದ್ರೆ ಎಣಿಸ್ತೀರಿ. ಮಗಳನ್ನ ಕಳಿಸ್ರಿ."

ಸಾಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಸರತ್, ಎಷ್ಟೊತ್ತಿಗೆ ಬರಲಿ ಎಂದು ಹೊನ್ನೂರಮ್ಮನನ್ನು ಕೇಳಿಯಾಗಿತ್ತು.