ಮಿಲ್ಲಣ್ಣನ ಹಿತ್ತಲಿನ ಉಲಿಯಕ್ಕಿ

ಗೇಟಿಗೆ ಎಣ್ಣೆ ಹಾಕಿ ಹಾಕಿ ಮಿಲ್ಲಣ್ಣನಿಗೆ ಸಾಕುಸಾಕಾಗಿತ್ತು. ಹಿತ್ತಲಿನ ಗೇಟು ಕಿರುಗುಟ್ಟುತ್ತದೆ ಎಂದು ಹೆಂಡತಿ ಚಳಿ ಶುರುವಾದಾಗಿನಿಂದ ಒಂದೇ ರಾಗ ಹಾಡುತ್ತಿದ್ದಳು. ಅವನು ಎಣ್ಣೆಯ ಡಬ್ಬಿ ಹಿಡಿದು ಹೋಗಿ, ಕೀಲುಗಳಿಗೆಲ್ಲ ಬಿಟ್ಟು, ಗೇಟನ್ನು ಹಿಂದೆ ಮುಂದೆ ಆಡಿಸಿ, ಬಗ್ಗಿ ಕಿವಿಗೊಟ್ಟು, ಸದ್ದೇ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬರುತ್ತಿದ್ದ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಮತ್ತೆ ಅದೇ ಮಾತು.

“ರೀ, ಇನ್ನೂ ಕಿರುಗುಟ್ತಾನೇ ಇದೆ.”

“ಎಲ್ಲಿ ಕಿರುಗುಟ್ತಿದೆ? ಈಗ ತಾನೇ ಆಡಿಸಿ ಬಂದೆ. ಉಸಿರೆತ್ತದೆ ತಿರುಗುತ್ತೆ.”

“ಹಾಗಾದ್ರೆ ನಲ್ಲಿ ಇರಬೇಕು. ಬೆಳಗಾದ್ರೆ ಸಾಕು, ಸಣ್ಣಗೆ ತಲೆ ಕೊರೀತಾ ಇರುತ್ತೆ.”

ಮಿಲ್ಲಣ್ಣ ನಲ್ಲಿಯ ವಾಷರ್ ಬದಲಾಯಿಸಿದ. ಆಮೇಲೆ ಬಟ್ಟೆ ಒಣಗಿಸುವ ಹಗ್ಗದ ರಾಟೆಯ ಸರದಿ ಬಂತು. ಅದನ್ನೂ ಕಿತ್ತು ಹೊಸದು ಹಾಕಿದ. ಸದ್ದು ಮಾತ್ರ ನಿಲ್ಲಲಿಲ್ಲವಂತೆ. ಇವಳಿಗೆ ವಯಸ್ಸಾಗುತ್ತಿದೆ, ಇಲ್ಲದ್ದೆಲ್ಲ ಕೇಳಿಸತೊಡಗಿದೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

ಇದೊಂದೇ ತಲೆನೋವಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಇನ್ನೊಂದು ಅದೇ ಬೀದಿಯ ಕೊನೆಯ ಮನೆಯಲ್ಲಿತ್ತು. ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಮಿಲ್ಲಣ್ಣ ಮರ ಕೊಯ್ಯುವ ಮಿಲ್ಲಿನಲ್ಲಿ ದೊಡ್ಡ ಗರಗಸದ ಮುಂದೆ ನಿಂತೇ ತಲೆ ನರೆಸಿಕೊಂಡವನು. ಅವನ ಅಸಲಿ ಹೆಸರು ಮದುವೆಯ ಕರೆಯೋಲೆ ಬರೆಯುವಾಗ ಮಾತ್ರ ನೆಂಟರಿಗೆ ನೆನಪಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ದಿಮ್ಮಿಯೊಂದು ಉರುಳಿ ಪಾದ ಜಜ್ಜಿತು. ಚಳಿಗಾಲವಿಡೀ ಹಿತ್ತಲ ಕಡೆಯ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು ಮಲಗಬೇಕಾಯಿತು. ಸುಮ್ಮನೆ ಬಿದ್ದುಕೊಂಡು ಅಭ್ಯಾಸವಿಲ್ಲದ ಮನುಷ್ಯ, ಬೇರೆ ದಾರಿಯಿಲ್ಲದೆ ಹೊರಗೆ ನೋಡತೊಡಗಿದ. ಹಕ್ಕಿಗಳೆಂದರೆ ಕಾಗೆ, ಗುಬ್ಬಿ, ಪಾರಿವಾಳ ಎಂದುಕೊಂಡಿದ್ದವನ ಕಣ್ಣಿಗೆ ಬಾಲ ಕುಣಿಸುತ್ತ ನಡೆಯುವ ಸಿಪಿಲೆ ಬಿತ್ತು. ಗೋಡೆಯಿಂದ ಹಾರಿ ನೊಣ ಹಿಡಿದು ಮತ್ತೆ ಅದೇ ಇಟ್ಟಿಗೆಯ ಮೇಲೆ ಬಂದು ಕೂರುವ ನೊಣಹಿಡುಕ ಬಿತ್ತು. ಒಣಗಿದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ಕುಟ್ಟುವ ಮರಕುಟಿಗವೂ ಬಿತ್ತು. ದಿಮ್ಮಿಯ ಮೇಲಿನ ಸೀಳನ್ನು ದೂರದಿಂದಲೇ ಕಾಣುವ ಕಣ್ಣು ಅವನದು. ಎಲೆಯ ಸಂದಿಯಲ್ಲಿ ರೆಕ್ಕೆ ಅಲುಗಿದರೂ ಬಿಡುತ್ತಿರಲಿಲ್ಲ.

ಯೋಗಕ್ಷೇಮ ವಿಚಾರಿಸಲು ಬಂದ ಷಡ್ಡಕನಿಗೂ ತೋರಿಸಿದ. ತಾನು ಮಾಡಿದ ದೊಡ್ಡ ತಪ್ಪು ಅದೇ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡದ್ದುಂಟು. ವಾರ ಕಳೆಯುವಷ್ಟರಲ್ಲಿ ಷಡ್ಡಕ ಮತ್ತೆ ಬಂದು, “ಅಣ್ಣ, ನಮ್ಮ ಹಿತ್ತಲಲ್ಲಿ ಇನ್ನೂ ಜಾಸ್ತಿ ಇವೆ” ಅಂದ. ಅಲ್ಲಿಗೆ ಪೈಪೋಟಿ ಹತ್ತಿಕೊಂಡಿತು.

ಇಬ್ಬರ ಜಗಳ ತೀರಿಸಲು ಬೀದಿಯ ನಡುವಿನ ಮನೆಯ ಗಣಿತದ ಟೀಚರ್ ಬೇಕಾದರು. ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದ ಅವರಿಗೂ ಹುಚ್ಚು ಅಂಟಿತು. ನಿಯಮ ಮಾಡಿದವರು ಅವರೇ. ಚಳಿ ಶುರುವಾದಲ್ಲಿಂದ ಮರ ಚಿಗುರುವ ತನಕ ತಮ್ಮ ತಮ್ಮ ಹಿತ್ತಲಿನಲ್ಲಿ ಎಷ್ಟು ಬಗೆಯ ಹಕ್ಕಿ ಬಂದವೋ ಎಣಿಸಬೇಕು. ಕಂಡರೂ ಆಯಿತು, ಕೂಗು ಕೇಳಿ ಗುರುತಿಸಿದರೂ ಆಯಿತು. ಎಲ್ಲರಿಗಿಂತ ಕಡಿಮೆ ಕಂಡವರು ಉಳಿದವರಿಗೆ ಒಂದು ಭಾನುವಾರ ಊಟ ಹಾಕಬೇಕು. ಹಿಂದಿನ ಎರಡು ವರ್ಷವೂ ಊಟ ಹಾಕಿದ್ದು ಮಿಲ್ಲಣ್ಣನೇ. ಬೇಯಿಸಿದ್ದು ಅವನ ಹೆಂಡತಿ. ಆಕೆಗೆ ಹಕ್ಕಿಗಳ ಮೇಲೆ ಆಸಕ್ತಿಯೇ ಇರಲಿಲ್ಲ, ಅದಕ್ಕಿದ್ದ ಕಾರಣಗಳಲ್ಲಿ ಇದೂ ಒಂದು.

ಈ ಸಲ ಬಿಡಬಾರದೆಂದು ಮಿಲ್ಲಣ್ಣ ಹಟ ತೊಟ್ಟಿದ್ದ. ಮೂವರದೂ ಹೆಚ್ಚುಕಡಿಮೆ ಸಮಸಮ ನಡೆಯುತ್ತಿತ್ತು. ಅಷ್ಟರಲ್ಲಿ ಷಡ್ಡಕ ಒಂದು ಸಂಜೆ ಬಂದು ಮೆಟ್ಟಿಲ ಮೇಲೆ ಕೂತು, ಬಾಯೊಳಗೇ ಏನೋ ಗೊಣಗಿದ. ಅವನು ಕಾರು ಓಡಿಸಲು ಕಲಿಸುವವನು. ಕಲಿಯುವವರು ಗಾಬರಿಬೀಳದಿರಲೆಂದು ಮೆತ್ತಗೆ ಮಾತಾಡಿ ಮಾತಾಡಿ ಅವನ ದನಿಯೇ ಹಾಗಾಗಿಹೋಗಿದೆ ಎನ್ನುವುದು ಮಿಲ್ಲಣ್ಣನ ನಂಬಿಕೆ.

“ಏನಂದೆ? ಬಾಯಿ ಬಿಟ್ಟು ಹೇಳು ಮಾರಾಯ.”

“ಉಲಿಯಕ್ಕಿ, ಅಣ್ಣ. ಎಲೆ ಉಲಿಯಕ್ಕಿ. ಹೆಬ್ಬೆರಳಷ್ಟಿರುತ್ತೆ, ಮೈಯೆಲ್ಲ ಎಲೆ ಬಣ್ಣ. ಕಾಣೋದೇ ಇಲ್ಲ, ಕೂಗೋದು ಮಾತ್ರ ಕೇಳುತ್ತೆ. ಟೀಚರ್ ಮನೇಲೂ ಇದೆಯಂತೆ. ನಿಮ್ಮ ಬೇಲೀಲಂತೂ ಬೆಳಿಗ್ಗೆ ಪೂರ್ತಿ ಕೂಗ್ತಿರುತ್ತೆ, ರಸ್ತೆಗೇ ಕೇಳುತ್ತೆ. ನೀವಿನ್ನೂ ಸೇರಿಸಿಲ್ವಾ?”

ತನ್ನ ಬೇಲಿಯಲ್ಲಿರುವ ಹಕ್ಕಿಯ ಸುದ್ದಿಯನ್ನು ಇವನ ಬಾಯಿಂದ ಕೇಳಬೇಕೇ ಎಂದು ಮಿಲ್ಲಣ್ಣನಿಗೆ ಉರಿದುಹೋಯಿತು. ಷಡ್ಡಕ ಫೋನು ತೆಗೆದು, ಅದರ ಕೂಗು ಹೀಗಿರುತ್ತದೆ ಎಂದು ಹಾಕಿ ಕಿವಿಯ ಹತ್ತಿರ ಹಿಡಿದ. ಮಿಲ್ಲಣ್ಣನಿಗೆ ಬರೀ ಬುಸ್ಸೆಂಬ ಸದ್ದು ಕೇಳಿಸಿತು.

“ನಿನ್ನ ಫೋನು ಕೆಟ್ಟಿದೆ.”

“ಫೋನು ಸರಿಯಾಗೇ ಇದೆ ಅಣ್ಣ.”

“ಸರಿಯಿದ್ರೆ ಹಕ್ಕಿ ಕೂಗಬೇಕಿತ್ತು. ಇದು ಸ್ಟವ್ ಹಚ್ಚಿದ ಹಾಗಿದೆ.”

ಅಂದಿನಿಂದ ಮಿಲ್ಲಣ್ಣ ಕೆಲಸಕ್ಕೆ ಹೋಗುವ ಮುಂಚೆ, ಮಂಜು ಇನ್ನೂ ಕರಗದ ಹೊತ್ತಿಗೇ ಶಾಲು ಹೊದ್ದು, ಫ್ಲಾಸ್ಕು ಇಟ್ಟುಕೊಂಡು ಬೇಲಿಯ ಮುಂದೆ ಸ್ಟೂಲು ಹಾಕಿ ಕೂರತೊಡಗಿದ. ಬೇಲಿ ಅವನ ಎತ್ತರಕ್ಕಿಂತ ಮೇಲೆ ಬೆಳೆದು ದಟ್ಟವಾಗಿತ್ತು. ಎಲೆ ಅಲುಗುತ್ತಿತ್ತು. ಒಮ್ಮೊಮ್ಮೆ ಏನೋ ಸುಳಿದಂತಾಗಿ ಮಾಯವಾಗುತ್ತಿತ್ತು. ಅಷ್ಟನ್ನು ನಂಬಿ ಲೆಕ್ಕಕ್ಕೆ ಸೇರಿಸಿಕೊಳ್ಳುವ ಜಾಯಮಾನ ಅವನದಲ್ಲ. ಕೂಗಂತೂ ಇಲ್ಲವೇ ಇಲ್ಲ. ಮೂಗು ಸೋರಿ, ಮೈ ಸೆಡೆತು, ಕೋಪ ಮಾತ್ರ ದಿನದಿನಕ್ಕೂ ಏರುತ್ತ ಹೋಯಿತು. ಸಾಲದ್ದಕ್ಕೆ ಹಿಂದಿನಿಂದ ಹೆಂಡತಿ, “ಅಲ್ಲೇ ಕೂತಿದೀರಲ್ಲ, ಆ ಗೇಟೊಂದಿಷ್ಟು ನೋಡಬಾರ್ದಾ?” ಎನ್ನುತ್ತಿದ್ದಳು.

ಇಬ್ಬರೂ ಸೇರಿ ಇಲ್ಲದ ಹಕ್ಕಿ ಹುಟ್ಟಿಸಿದ್ದಾರೆ ಎಂದು ಅವನಿಗೆ ಗಟ್ಟಿಯಾಯಿತು. ಟೀಚರ ಮನೆಗೆ ಹೋಗಿ, ಬರೀ ಕೂಗು ಕೇಳಿ ಎಣಿಸುವುದನ್ನು ಈ ವರ್ಷದಿಂದ ಬಿಡಬೇಕೆಂದು ವಾದಿಸಿದ. ಟೀಚರ್ ಒಪ್ಪಲಿಲ್ಲ.

“ಅರ್ಧ ದಾರೀಲಿ ನಿಯಮ ಬದಲಾಯ್ಸೋಕೆ ಆಗುತ್ತಾ ಮಿಲ್ಲಣ್ಣ?”

“ಹಾಗಾದ್ರೆ ನೀವಿಬ್ರೂ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಿಗೆ ಬನ್ನಿ. ನನ್ನ ಮುಂದೇನೇ ಕೇಳಿಸಿ. ಕೇಳಿಸದಿದ್ರೆ ಇಬ್ರೂ ಆ ಹಕ್ಕೀನ ತೆಗೆದುಹಾಕಬೇಕು.”

ಭಾನುವಾರ ಬಂದರು. ಬಿಸಿಲು ಆಗಷ್ಟೇ ಬೇಲಿಯ ನೆತ್ತಿಗೆ ತಾಗಿತ್ತು. ಮಿಲ್ಲಣ್ಣ ಕೈಕಟ್ಟಿ ನಿಂತ. ಷಡ್ಡಕ ಜೇಬಿನಲ್ಲಿ ಕೈ ಇಳಿಬಿಟ್ಟುಕೊಂಡಿದ್ದ. ಟೀಚರ್ ತಲೆ ಓರೆ ಮಾಡಿ ನಿಂತಿದ್ದವರು ಸ್ವಲ್ಪ ಹೊತ್ತಿಗೆ ಬೆರಳೆತ್ತಿದರು. ಷಡ್ಡಕ ತಲೆಯಾಡಿಸಿದ.

“ಎಲ್ಲಿ?” ಅಂದ ಮಿಲ್ಲಣ್ಣ.

“ಕೂಗ್ತಿದೆಯಲ್ಲ.”

“ಏನು ಕೂಗ್ತಿದೆ? ತಮಾಷೆ ಮಾಡ್ತಿದೀರಾ?”

ಅಷ್ಟರಲ್ಲಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹೆಂಡತಿ ಹೊರಗೆ ಬಂದಳು. ಸಾಕ್ಷಿಗೆ ಜನ ಸಿಕ್ಕಿದರೆಂದು ಅವಳಿಗೆ ಸಮಾಧಾನವಾದಂತಿತ್ತು.

“ನೋಡಿ, ಕೇಳಿಸ್ತಾ? ಇದೇ ನಾನು ಹೇಳ್ತಿರೋದು. ಎಷ್ಟು ಎಣ್ಣೆ ಹಾಕಿದ್ರೂ ನಿಲ್ಲೋದಿಲ್ಲ. ನೀವಾದ್ರೂ ಹೇಳಿ ಟೀಚರ್, ಇದು ಗೇಟಾ, ರಾಟೇನಾ?”

ಗೇಟು ಚಿಲಕ ಹಾಕಿಕೊಂಡು ನಿಂತಿತ್ತು. ಹಗ್ಗದ ಮೇಲೆ ಬಟ್ಟೆಯಿರಲಿಲ್ಲ, ಗಾಳಿಯೂ ಇರಲಿಲ್ಲ. ಮೂವರೂ ಬೇಲಿಯ ಒಂದೇ ಜಾಗದ ಕಡೆ ಮುಖ ಮಾಡಿದ್ದರು. ಮಿಲ್ಲಣ್ಣ ಆ ಮೂರು ಮುಖಗಳನ್ನು ಒಂದೊಂದಾಗಿ ನೋಡಿದ. ಹಕ್ಕಿ ಕೂಗಿದಾಗಲೆಲ್ಲ ಮೂರರಲ್ಲೂ ಒಟ್ಟಿಗೆ ಏನೋ ಅಲುಗುತ್ತಿತ್ತು. ಅವನಿಗೆ ಕೇಳಿಸುತ್ತಿದ್ದದ್ದು ದೂರದ ರಸ್ತೆಯ ಲಾರಿಯ ಸದ್ದು ಮಾತ್ರ.

ಮೊದಲು ಅರ್ಥವಾದದ್ದು ಹೆಂಡತಿಗೆ. ಬಕೆಟ್ಟು ಕೆಳಗಿಟ್ಟು, “ರೀ, ನಿಮಗೆ ಏನೂ ಕೇಳಿಸ್ತಿಲ್ವಾ?” ಅಂದಳು. ಯಾವುದಕ್ಕಾದರೂ ಒಂದು ಚಟಾಕಿ ಹಾರಿಸುವ ಷಡ್ಡಕ ಅಂದು ತನ್ನ ಚಪ್ಪಲಿ ನೋಡುತ್ತ ನಿಂತ. ಮಿಲ್ಲಣ್ಣನಿಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಅದೇ.

“ಕೇಳಿಸದೆ ಏನು, ಕೇಳಿಸುತ್ತೆ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಿಲ್ಲಿನಲ್ಲಿ ಕಿವಿಗೆ ಹಾಕುವ ಮುಚ್ಚಳಗಳನ್ನು ಎಲ್ಲರಿಗೂ ಕೊಟ್ಟಿದ್ದರು. ಅವನದು ಮೊದಲ ದಿನದಿಂದ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಗರಗಸ ಮರದೊಳಗೆ ಸರಿಯಾಗಿ ಹೋಗುತ್ತಿದೆಯೋ, ಗಂಟಿಗೆ ತಗಲಿತೋ ಎಂದು ಸದ್ದಿನಲ್ಲೇ ತಿಳಿಯಬೇಕು, ಕಿವಿ ಮುಚ್ಚಿಕೊಂಡರೆ ಕೆಲಸ ಹೇಗೆ ಎಂದು ಅವನೇ ಹೊಸಬರಿಗೆ ಪಾಠ ಹೇಳುತ್ತಿದ್ದ. ಸೋಮವಾರ ಗರಗಸದ ಮುಂದೆ ನಿಂತಾಗ ಆ ಮೊಳೆಯ ಕಡೆ ನೋಡಲು ಅವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಹೆಂಡತಿಯೇ ಬಲವಂತ ಮಾಡಿ ಕಿವಿಯ ಪರೀಕ್ಷೆಗೆ ಹೊರಡಿಸಿದಳು.

ಪುಟ್ಟ ಗಾಜಿನ ಕೋಣೆ. ಗೋಡೆಗೆಲ್ಲ ಸ್ಪಂಜು. ಪರೀಕ್ಷೆ ಮಾಡುವ ಹುಡುಗಿ ತಲೆಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿಯೊಂದನ್ನು ಕೊಟ್ಟು, “ಸದ್ದು ಕೇಳಿಸಿದಾಗೆಲ್ಲ ಒತ್ತಿ” ಎಂದಳು. ಶುರುವಿನಲ್ಲಿ ಮಿಲ್ಲಣ್ಣ ಉತ್ಸಾಹದಿಂದ ಒತ್ತಿದ. ಆಮೇಲೆ ಸದ್ದು ನಿಂತಿತು. ಅವನು ಕಾದ. ಹೆಬ್ಬೆರಳು ಗುಂಡಿಯ ಮೇಲೆ ಇಟ್ಟುಕೊಂಡೇ ಕಾದ. ಗಾಜಿನಾಚೆ ಹುಡುಗಿಯ ಕೈ ಆಡುತ್ತಲೇ ಇತ್ತು. ತಾಳ್ಮೆಗೆಟ್ಟು ಬಾಗಿಲು ತಳ್ಳಿ ಕೇಳಿದ.

“ಏನಮ್ಮ, ಮೆಷಿನ್ನು ನಿಂತುಹೋಯ್ತಾ?”

“ಇಲ್ಲ ಸರ್” ಎಂದಳು ಹುಡುಗಿ, ಅವನ ಮುಖಕ್ಕೆ ನೇರ ತಿರುಗಿ, ಬಿಡಿಸಿ ಬಿಡಿಸಿ. “ಮುಗೀತು.”

ದಪ್ಪ ದನಿಗಳು ಕೇಳುತ್ತವೆ, ಸಣ್ಣ ದನಿಗಳು ಹೋಗಿವೆ ಎಂದು ಡಾಕ್ಟರು ಹೇಳಿದರು. ಹೋದದ್ದು ವಾಪಸ್ಸು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು. ದಾರಿಯುದ್ದಕ್ಕೂ ಮಿಲ್ಲಣ್ಣ ಹೆಂಡತಿಯ ಕಡೆ ತಿರುಗಲಿಲ್ಲ. ಮನೆಯ ಹತ್ತಿರ ಬಂದಾಗ, “ಎಷ್ಟು ವರ್ಷದಿಂದ ಗೊತ್ತಿತ್ತು ನಿನಗೆ?” ಎಂದು ಕೇಳಿದ.

“ನನಗೇನು ಗೊತ್ತು? ನೀವು ಬೇಕಂತಲೇ ಉತ್ತರ ಕೊಡಲ್ಲ ಅಂದ್ಕೊಂಡಿದ್ದೆ.”

ಅವನಿಗೆ ನಗು ಬಂತು.

ಕಿವಿಯ ಯಂತ್ರ ಬಂದ ಮೇಲೆ ಇನ್ನೊಂದು ಫಜೀತಿ. ಫ್ರಿಜ್ಜು ಇಡೀ ದಿನ ಗುಂಯ್‌ಗುಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಪೇಪರು ಮಡಚಿದರೆ ಕಿವಿಯೊಳಗೆ ಯಾರೋ ತಗಡು ಮುರಿದಂತಾಗುತ್ತಿತ್ತು. ತಾನು ಅಗಿಯುವ ಸದ್ದು ತನಗೇ ಅಸಹ್ಯವಾಗಿ ಅರ್ಧ ಊಟಕ್ಕೇ ಎದ್ದ. ಅಡುಗೆಮನೆಯಿಂದ ಹೆಂಡತಿ ಕೂಗಿದರೆ, “ಯಾಕೆ ಹಾಗೆ ಅರಚ್ತೀಯ?” ಎಂದು ರೇಗುತ್ತಿದ್ದ. ಇಷ್ಟು ವರ್ಷ ಕೂಗಿಯೇ ಸಂಸಾರ ಮಾಡಿದ ಗಂಟಲು, ಒಂದೇ ದಿನಕ್ಕೆ ಇಳಿಸು ಎಂದರೆ ಎಲ್ಲಿಂದ ಇಳಿಯಬೇಕು ಎಂದು ಅವಳೂ ರೇಗುತ್ತಿದ್ದಳು. ಒಂದು ವಿಷಯ ಮಾತ್ರ ಇತ್ಯರ್ಥವಾಯಿತು. ಷಡ್ಡಕ ಗೊಣಗುತ್ತಿರಲಿಲ್ಲ, ನೆಟ್ಟಗೇ ಮಾತಾಡುತ್ತಿದ್ದ. ಆದರೆ ಅವನ ಮಾತೆಲ್ಲ ಸ್ಪಷ್ಟವಾಗಿ ಕೇಳತೊಡಗಿದ ಮೇಲೆ, ಹಿಂದೆ ತಪ್ಪಿಸಿಕೊಂಡದ್ದರಲ್ಲಿ ಅಂಥ ನಷ್ಟವೇನಿಲ್ಲ ಎಂದು ಮಿಲ್ಲಣ್ಣನಿಗೆ ಖಚಿತವಾಯಿತು.

ಉಲಿಯಕ್ಕಿಯನ್ನು ಅವನು ಕೇಳಿದ್ದು ಚಳಿಗಾಲದ ಕೊನೆಕೊನೆಗೆ. ಶೂ ಹಾಕಿಕೊಳ್ಳುತ್ತ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾಗ, ತೆಳ್ಳಗೆ, ಗಾಜಿನ ಮೇಲೆ ಒದ್ದೆ ಬೆರಳು ಎಳೆದಂಥ ದನಿ. ಮತ್ತೊಮ್ಮೆ. ಒಂದು ಶೂ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಹಿಡಿದು ಹಾಗೇ ಕೂತ. ಹೆಂಡತಿ ಒಳಗಿನಿಂದ ಬಂದು ಪಕ್ಕದಲ್ಲಿ ನಿಂತಳು.

“ಇದೇನಾ?”

“ಹ್ಞೂಂ. ಅದೇ.”

“ಇಷ್ಟೇನಾ? ಇದಕ್ಕೆ ನಾನು ಮಂಜಲ್ಲಿ ಕೂತು ಮೂಗು ಸೋರಿಸಿಕೊಂಡಿದ್ದಾ?” ಎಂದ. ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅಂದು ಮಿಲ್ಲಿಗೆ ತಡವಾಗಿ ಹೋದ.

ಆ ವರ್ಷವೂ ಅವನು ಗೆಲ್ಲಲಿಲ್ಲ. ಆದರೆ ಕೊನೆಯವನೂ ಆಗಲಿಲ್ಲ. ಊಟ ಹಾಕುವ ಸರದಿ ಟೀಚರದಾಯಿತು. ಅಂಥ ಹುಷಾರಿ ಹೆಂಗಸು ಹೇಗೆ ಹಿಂದೆ ಬಿದ್ದರು ಎಂದು ಎಲ್ಲರಿಗೂ ಆಶ್ಚರ್ಯ. ಊಟದ ಮೇಜಿನಲ್ಲಿ ಅವರೇ ಬಾಯಿಬಿಟ್ಟರು.

“ಎರಡು ವರ್ಷ ಆಯ್ತು, ಸಣ್ಣ ಹಕ್ಕಿ ಒಂದೂ ಕಾಣಿಸ್ತಿಲ್ಲ. ಮರ ನೋಡಿದ್ರೆ ಹಸಿರು ಬಳಿದಿಟ್ಟ ಹಾಗಿರುತ್ತೆ. ಬರೀ ಕಿವಿ ಮೇಲೆ ಎಣಿಸ್ತಿದ್ದೆ. ಅದಕ್ಕೇ ಮಿಲ್ಲಣ್ಣ ಕೂಗು ಲೆಕ್ಕಕ್ಕೆ ಬೇಡ ಅಂದಾಗ ಒಪ್ಪಲಿಲ್ಲ. ಒಪ್ಪಿದ್ರೆ ನನಗೆ ಕಾಗೆ ಬಿಟ್ಟು ಏನೂ ಉಳೀತಿರಲಿಲ್ಲ.”

“ಡಾಕ್ಟರಿಗೆ ತೋರಿಸಿದ್ರಾ?” ಎಂದು ಮಿಲ್ಲಣ್ಣನ ಹೆಂಡತಿ ಕೇಳಿದಳು.

“ತೋರಿಸಬೇಕು.”

“ತೋರಿಸಬೇಕು ಅನ್ನೋದೆಲ್ಲ ಬೇಡ. ಬುಧವಾರ ನಾನೇ ಕರ್ಕೊಂಡು ಹೋಗ್ತೀನಿ” ಎಂದ ಮಿಲ್ಲಣ್ಣ. ಅವನ ದನಿ ಎಷ್ಟು ಗಡುಸಾಗಿತ್ತೆಂದರೆ ಟೀಚರ್ ತಕ್ಷಣ ತಲೆಯಾಡಿಸಿದರು.

ಮುಂದಿನ ಚಳಿಗಾಲಕ್ಕೆ ಟೀಚರು ಮತ್ತು ಮಿಲ್ಲಣ್ಣ ಒಂದು ಪಕ್ಷವಾದರು. ಪೊರೆಯ ಆಪರೇಷನ್ನಾಗಿದ್ದ ಟೀಚರ ಒಂದು ಕಣ್ಣು ಇನ್ನೂ ಪಳಗುತ್ತಿತ್ತು. ಅವರು ಕೇಳಿ ಜಾಗ ತೋರಿಸುವುದು, ಅವನು ಹುಡುಕಿ ನೋಡುವುದು ಎಂದು ಒಪ್ಪಂದ. ಇಬ್ಬರ ಎದುರು ಒಬ್ಬನೇ ಹೇಗೆ ಎಂದು ಷಡ್ಡಕ ತಕರಾರು ತೆಗೆದ. ಅದು ನ್ಯಾಯವೇ ಎಂದು ಮಿಲ್ಲಣ್ಣನ ಹೆಂಡತಿಗೂ ಅನ್ನಿಸಿ, “ನಾನು ತಂಗಿ ಗಂಡನ ಕಡೆ ಇರ್ತೀನಿ” ಎಂದುಬಿಟ್ಟಳು. ಹಕ್ಕಿಯೆಂದರೆ ಮೂಗು ಮುರಿಯುತ್ತಿದ್ದವಳು ಈಗ ಪಾತ್ರೆ ತೊಳೆಯುತ್ತಲೇ ಒಂದೊಂದು ಕೂಗು ಗುರುತಿಸಿ, ಗಂಡನಿಗೆ ಹೇಳದೆ ನೇರ ಷಡ್ಡಕನಿಗೆ ಫೋನು ಮಾಡುತ್ತಾಳೆ.

“ನನ್ನ ಹಿತ್ತಲಿನ ಹಕ್ಕೀನ ಅವನ ಲೆಕ್ಕಕ್ಕೆ ಹೇಗೆ ಬರೆಸ್ತೀಯ ನೀನು?” ಎಂದು ಮಿಲ್ಲಣ್ಣ ಕೇಳಿದರೆ, “ಹಿತ್ತಲು ನನ್ನದೂ ಹೌದು” ಎನ್ನುತ್ತಾಳೆ. ಅದಕ್ಕೆ ನಿಯಮದಲ್ಲಿ ಉತ್ತರವಿಲ್ಲ ಎಂದು ಟೀಚರ್ ಕೈಚೆಲ್ಲಿದ್ದಾರೆ.