ಅಚ್ಚನ್ ಅಂದರೆ ಅಪ್ಪ

ಬೀಡಿ ಕಟ್ಟುವ ಕೈಗೆ ಕಣ್ಣು ಬೇಡ. ಅಭ್ಯಾಸವಾದ ಮೇಲೆ ಎಲೆ ಸುತ್ತುವುದು, ತುದಿ ಮಡಚುವುದು, ನೂಲು ಬಿಗಿಯುವುದು ಎಲ್ಲವನ್ನೂ ಬೆರಳೇ ನೋಡಿಕೊಳ್ಳುತ್ತದೆ. ಬಾಯಿಗೂ ಮನಸ್ಸಿಗೂ ಮಾತ್ರ ಕೆಲಸ ಇರುವುದಿಲ್ಲ. ಕೆಲಸವಿಲ್ಲದ ಬಾಯಿ ಊರಿನ ಸುದ್ದಿ ಹಿಡಿಯುತ್ತದೆ, ಅದರಿಂದ ಜಗಳ. ಹಾಗಾಗಿ ಕಡಬದ ನಮ್ಮ ಮನೆಯ ಚಾವಡಿಯಲ್ಲಿ ಕಾದಂಬರಿ ಓದುವ ಕ್ರಮ ಶುರುವಾಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ನೆರೆಯ ಹೆಂಗಸರು ಎಲೆ, ಪುಡಿ ಇಟ್ಟುಕೊಂಡ ತಡ್ಪೆ, ಅಂದರೆ ಮೊರ, ಹಿಡಿದು ಬರುವರು. ಒಬ್ಬಳು ಓದುವುದು, ಅವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುವುದು. ಹೆಚ್ಚಾಗಿ ಓದುವವಳು ನಾನೇ. ನನ್ನ ಸ್ವರ ಗಟ್ಟಿ, ಉಸಿರು ಉದ್ದ. ದೇವರು ಕೊಟ್ಟದ್ದನ್ನು ಇಲ್ಲ ಎನ್ನಬಾರದು.

ಗದ್ದೆ ಇರುವ ಮನೆಯವರಿಗೆ ಬೀಡಿ ಎಂತಕ್ಕೆ ಎಂದು ನನ್ನ ಅತ್ತೆ ಮೊದಮೊದಲು ಗೊಣಗಿದರು. ಒಂದು ಕಾದಂಬರಿ ಅರ್ಧಕ್ಕೆ ಬರುವಾಗ ಬಾಗಿಲ ಹೊಸ್ತಿಲಿಗೆ ಬಂದು ಕೂತರು. ಇನ್ನೊಂದು ಮುಗಿಯುವಾಗ ನಮ್ಮ ನಡುವೆಯೇ ಕೂತಿದ್ದರು.

ಪುಸ್ತಕ ಎಂದರೆ ನಮಗೆ ವಾರಪತ್ರಿಕೆಯ ಧಾರಾವಾಹಿಗಳೇ. ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಪತ್ರಿಕೆ ಬರುವುದು. ಕಾದಂಬರಿಯ ಪುಟಗಳನ್ನು ಜೋಪಾನವಾಗಿ ಬಿಡಿಸಿ ಕಟ್ಟಿಡುವುದು, ಮುಗಿದ ಮೇಲೆ ಗೋಣಿ ಹೊಲಿಯುವ ಸೂಜಿಯಿಂದ ಹೊಲಿದು ಹಳೆಯ ಕ್ಯಾಲೆಂಡರಿನ ರಟ್ಟು ಹಾಕುವುದು. ದೇವರ ಚಿತ್ರದ ಕ್ಯಾಲೆಂಡರಿಗೆ ಮಾತ್ರ ನಾನು ಕೈ ಹಚ್ಚಲು ಬಿಡಲಿಲ್ಲ. ದೇವರ ಮುಖವನ್ನು ತಲೆದಿಂಬಿನ ಮೇಲೆ ಕವುಚಿ ಹಾಕಿ ಕಥೆ ಓದುವುದು ಎಂತ ಚಂದ? ಹೀಗೆ ಹೊಲಿದ ಕಾದಂಬರಿಗಳು ನಮ್ಮ ಚಾವಡಿಯಿಂದ ಹೊರಟು ಬೆಳ್ಳಾರೆಯ ನಾದಿನಿಯ ಮನೆಗೂ ನರಿಮೊಗರಿನ ಅವಳ ಗೆಳತಿಯ ಮನೆಗೂ ಹೋಗಿ, ಅರಶಿನದ ಬೆರಳಚ್ಚು ಹೊತ್ತುಕೊಂಡು ತಿರುಗಿ ಬರುತ್ತಿದ್ದವು.

ಒಬ್ಬೊಬ್ಬರಿಗೆ ಒಂದೊಂದು ರುಚಿ. ಪಕ್ಕದ ಮನೆಯಾಕೆಗೆ ಪತ್ತೇದಾರಿ ಬೇಕು. ಕೊಲೆಗಾರ ಯಾರೆಂದು ಎರಡನೆಯ ಕಂತಿಗೇ ಹೇಳಿಬಿಡುವಳು, ತಪ್ಪಾದರೆ ಬರೆದವನಿಗೇ ಬುದ್ಧಿ ಇಲ್ಲ ಎನ್ನುವಳು. ಅತ್ತೆಗೆ ಸೊಸೆ ಕೊನೆಗೆ ತಪ್ಪೊಪ್ಪಿಕೊಳ್ಳುವ ಕಥೆಗಳು ಇಷ್ಟ. ನನಗೆ ಒಬ್ಬ ಲೇಖಕಿ ಬಲು ಮೆಚ್ಚು. ಅವರ ಕಾದಂಬರಿಯಲ್ಲಿ ಜನಕ್ಕೆ ಹಸಿವಾಗುತ್ತದೆ, ಸಾರಿಗೆ ಉಪ್ಪು ಹೆಚ್ಚಾಗುತ್ತದೆ. ಉಳಿದವರ ನಾಯಕಿಯರು ಕಣ್ಣೀರಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವರು.

ಆಗ ನೆಲ್ಯಾಡಿ ರಸ್ತೆಯ ಕಡೆ ರಬ್ಬರ್ ಮಾಡಿಕೊಂಡಿದ್ದ ಕೇರಳದ ಕ್ರಿಶ್ಚಿಯನ್ ಮನೆಯೊಂದು ಇತ್ತು. ಆ ಮನೆಯಾಕೆಯನ್ನು ನಾವೆಲ್ಲ ಚೇಟತ್ತಿ, ಅಂದರೆ ಅಕ್ಕ, ಎಂದೇ ಕರೆಯುವುದು. ಬೆಳಿಗ್ಗೆ ಹಾಲಿನ ಸೊಸೈಟಿಗೆ ಅವಳೂ ನಾನೂ ಒಟ್ಟಿಗೆ ಹೋಗುವುದು. ಅವಳಿಗೆ ಮಲಯಾಳದ ವಾರಪತ್ರಿಕೆ ಬರುತ್ತಿತ್ತು. ಹೋಗುವಾಗ ಅವಳು ತನ್ನ ಧಾರಾವಾಹಿ ಹೇಳುವಳು, ಬರುವಾಗ ನಾನು ನನ್ನದು. ಅವಳ ಮಾತು ಅರ್ಧ ಮಲಯಾಳ, ಅರ್ಧ ಮುರುಕು ತುಳು. ನನ್ನ ತವರು ಸುಳ್ಯದ ಆಚೆ ಗಡಿಯ ಹತ್ತಿರ. ಅಲ್ಲಿ ಮಲಯಾಳ ಕಿವಿಗೆ ಬಿದ್ದೇ ಬೆಳೆದವಳು ನಾನು. ಅಲ್ಲದೆ ನಮ್ಮ ತುಳುವಿನಲ್ಲಿ ಅಮ್ಮೆ ಅಂದರೆ ತಂದೆ, ಅಪ್ಪೆ ಅಂದರೆ ತಾಯಿ. ಮನೆಯಲ್ಲಿ ಹಾಗೆ ಮಾತಾಡಿ ಕನ್ನಡದಲ್ಲಿ ಅಮ್ಮ, ಅಪ್ಪ ಎಂದು ತಪ್ಪದೆ ಓದುವ ನಮಗೆ ಮಲಯಾಳ ಯಾವ ಲೆಕ್ಕ?

ಚೇಟತ್ತಿಯ ಒಂದು ಧಾರಾವಾಹಿಯನ್ನು ನಾನು ಹಾಗೇ ಹೊತ್ತು ತಂದು ಮಧ್ಯಾಹ್ನ ಚಾವಡಿಯಲ್ಲಿ ಹೇಳತೊಡಗಿದೆ. ಕಥೆ ಹೀಗೆ. ಬೆಟ್ಟದ ಊರಿನ ಒಬ್ಬ ಹುಡುಗಿಗೆ ಮದುವೆ ನಿಶ್ಚಯವಾಗಿದೆ. ಅವಳ ಅಣ್ಣ ಬುದ್ಧಿ ಕೆಟ್ಟು ದೂರದ ಆಸ್ಪತ್ರೆಯಲ್ಲಿದ್ದಾನೆ. ಅದನ್ನು ಗಂಡಿನ ಮನೆಯವರಿಂದ ಮುಚ್ಚಿಟ್ಟಿದ್ದಾರೆ. ಮುಚ್ಚಿಟ್ಟು ಮದುವೆಯಾಗಲು ಹುಡುಗಿಗೆ ಮನಸ್ಸಿಲ್ಲ, ಬಾಯಿ ಬಿಡಲು ಧೈರ್ಯವಿಲ್ಲ. ಮನೆಯಲ್ಲಿ ಚಾಚನ್ ಎನ್ನುವ ಒಬ್ಬ ಸಿಡುಕ ಇದ್ದಾನೆ, ಎಲ್ಲ ಯಜಮಾನಿಕೆ ಅವನದ್ದೇ. ಚಾಚನ್ ಅಂದರೆ ಚಿಕ್ಕಪ್ಪ ಎಂದು ನಾನು ಅರ್ಥ ಹೇಳಿದೆ. ಕೊನೆಗೆ ಹುಡುಗಿ ಅಚ್ಚನ್ ಹತ್ತಿರ ಹೋಗಿ ಮೊಣಕಾಲೂರಿ ಎಲ್ಲವನ್ನೂ ಹೇಳುತ್ತಾಳೆ. ಅಚ್ಚನ್ ಅಂದರೆ ಅಪ್ಪ. ಅದು ನನ್ನ ತವರಿನ ಕಡೆ ಎಲ್ಲರಿಗೂ ಗೊತ್ತು.

ಅಪ್ಪ ಇರುವಾಗ ಚಿಕ್ಕಪ್ಪನ ದರ್ಬಾರು ಎಂತದ್ದು ಎಂದು ಅತ್ತೆ ಕೇಳಿದರು. ಅಪ್ಪ ಪಳ್ಳಿಯ ಪಕ್ಕ ಬೇರೆ ಮನೆಯಲ್ಲಿ ಇರುವುದು ಎಂದೆ. ಪಳ್ಳಿ ಅಂದರೆ ನಮ್ಮ ಕಡೆ ಮಸೀದಿ. ಕೆಲಸದ ಮೇಲೆ ಅಲ್ಲಿ ಬಾಡಿಗೆಗೆ ಇರಬೇಕು ಎಂದುಕೊಂಡಿದ್ದೆ. ಯಾವಾಗಲೂ ಬಿಳಿಯೇ ಉಡುವುದು ಯಾಕೆ ಎಂದಾಗ, ಕೇರಳದವರಲ್ಲವಾ ಎಂದೆ. ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು. ಎಲ್ಲರಿಗೂ ಹಿಡಿಸಿದ್ದು ಆ ಅಚ್ಚನ್ ಮಗಳ ಮಾತನ್ನು ಕೇಳಿಸಿಕೊಂಡ ರೀತಿ. ಬೈಯಲಿಲ್ಲ, ಎದ್ದು ಹೋಗಲಿಲ್ಲ, ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಇನ್ನು ಗಂಡಿನ ಮನೆಯವರಿಗೆ ನೀನೇ ಹೇಳು ಎಂದರಂತೆ.

ಅತ್ತೆ ನೂಲು ಕಚ್ಚಿ ತುಂಡು ಮಾಡುತ್ತ, "ಅಂಥ ಅಪ್ಪ ಮಲಯಾಳದಲ್ಲೇ ಇರುದು ಮಾರಾಯ್ತಿ" ಎಂದರು.

ಎಲ್ಲರೂ ನಕ್ಕರು. ನಗದವಳು ಒಬ್ಬಳೇ, ಪಕ್ಕದ ಮನೆಯಾಕೆಯ ಮಗಳು. ಚಿಕ್ಕವಳಿದ್ದಾಗ ಕಿವಿ ಸೋರಿ ಅವಳಿಗೆ ಎಡಕಿವಿ ಕೇಳಿಸುತ್ತಿರಲಿಲ್ಲ. ಆಗಷ್ಟೇ ಸಂಪಾಜೆಯ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಕಿವಿಯ ವಿಷಯವನ್ನು ಅವಳ ತಾಯಿ ಆ ಕಡೆಯವರಿಗೆ ಹೇಳಿರಲಿಲ್ಲ. ಒಂದು ಕಿವಿ ಚೆನ್ನಾಗಿ ಕೇಳಿಸುತ್ತದಲ್ಲ, ಮದುವೆಯಾಗಿ ಆಮೇಲೆ ಗೊತ್ತಾದರೆ ಆಯಿತು ಎಂದು ತಾಯಿಯ ಲೆಕ್ಕ. ಕೆಟ್ಟ ಹೆಂಗಸಲ್ಲ. ಹಿಂದೆ ಬಂದ ಒಂದು ಸಂಬಂಧ ಕಿವಿಯ ಕಾರಣಕ್ಕೇ ತಪ್ಪಿ ಹೋಗಿತ್ತು, ಅದಕ್ಕೆ ಹೆದರಿದ್ದಳು. ತಂದೆ ಬಸ್ಸಿನ ಡ್ರೈವರ್, ಬೆಳ್ಳಾರೆಯಲ್ಲಿ ರಾತ್ರಿ ಹಾಲ್ಟ್, ಮನೆಗೆ ಬರುವುದು ರಜೆಯ ದಿನ ಮಾತ್ರ. ಮಾತು ಕಡಿಮೆ, ಆಡಿದರೆ ಬಸ್ಸಿನ ಹಿಂದಿನ ಸೀಟಿನವರೂ ಸುಮ್ಮನಾಗಬೇಕು. ಹೆಂಡತಿ ಎಲ್ಲವನ್ನೂ ಹೇಳಿಯೇ ಮಾತು ಮುಗಿಸಿದ್ದಾಳೆ ಎಂದು ಅವರು ತಿಳಿದಿದ್ದರು.

ಒಂದು ಮಧ್ಯಾಹ್ನ ತಾಯಿ ಬೀಡಿ ಕೊಟ್ಟು ಬರಲು ಕಂಪೆನಿಯ ಬ್ರಾಂಚಿಗೆ ಹೋಗಿದ್ದಾಗ ಹುಡುಗಿ ನನ್ನ ಹತ್ತಿರ ಸರಿದು ಕೂತಳು. ಮದುವೆಯಾಗಿ ಆ ಮನೆಯವರಿಗೆ ಗೊತ್ತಾದ ದಿನದಿಂದ ತಾನು ಅಲ್ಲಿ ಸುಳ್ಳು ಹೇಳಿ ಹೊಕ್ಕವಳಾಗಿಯೇ ಬದುಕಬೇಕು, ಅದು ತನ್ನಿಂದ ಆಗದು ಎಂದಳು. ತಂದೆಗೆ ಹೇಳಿದರೆ ತಾಯಿಯ ಮೇಲೆ ಕೂಗಾಡಿ ಸಂಬಂಧವನ್ನೇ ಮುರಿದು ಬಿಟ್ಟಾರು ಎಂಬ ಹೆದರಿಕೆ ಬೇರೆ.

"ಅಕ್ಕ, ಆ ಹುಡುಗಿ ಹೇಳಿದಾಗ ಅಚ್ಚನ್ ನಿಜವಾಗಿಯೂ ಬೈಯಲಿಲ್ಲವಾ?"

"ಇಲ್ಲ. ಪೂರ್ತಿ ಕೇಳಿಸಿಕೊಂಡರು."

"ಅದನ್ನು ಬರೆದದ್ದು ಹೆಂಗಸಾ, ಗಂಡಸಾ?"

"ಗಂಡಸು ಅಂತೆ."

ಅವಳು ಕೈಯಲ್ಲಿದ್ದ ಎಲೆಯನ್ನು ಸುತ್ತಿ ನೂಲು ಬಿಗಿದಳು. "ಗಂಡಸೇ ಬರೆದಿದ್ದರೆ ಅಂಥ ಅಪ್ಪ ಎಲ್ಲಿಯಾದರೂ ಇರ್ಲಿಕ್ಕೂ ಸಾಕು," ಎಂದಳು.

ಹೇಳು, ದೇವರಿದ್ದಾನೆ ಎಂದೆ ನಾನು. ಬರುವ ರಜೆಯ ದಿನ ಬೆಳಿಗ್ಗೆ ಹೇಳುತ್ತೇನೆ ಎಂದು ಒಪ್ಪಿಕೊಂಡಳು.

ಆ ದಿನ ಬೆಳಿಗ್ಗೆ ದೀಪ ಹಚ್ಚುವಾಗ ಅವಳಿಗಾಗಿ ಇನ್ನೊಂದು ಬತ್ತಿ ಹೆಚ್ಚು ಹಾಕಿದೆ. ಆಮೇಲೆ ಕ್ಯಾನು ಹಿಡಿದು ಸೊಸೈಟಿಗೆ ಹೊರಟೆ. ದಾರಿಯಲ್ಲಿ ಚೇಟತ್ತಿ ಹೊಸ ಕಂತು ಶುರು ಮಾಡಿದಳು. ಪಾಪ, ಅಚ್ಚನಿಗೆ ಟ್ರಾನ್ಸ್‌ಫರ್ ಆಯಿತಂತೆ. ಆಗಲಿ, ನೌಕರಿ ಎಂದ ಮೇಲೆ ಇದ್ದದ್ದೇ ಎಂದೆ. ಮುಂದಿನ ಆದಿತ್ಯವಾರ ಹೊಸ ಅಚ್ಚನ್ ಬಂದರು ಎಂದಳು.

ನಾನು ನಿಂತೆ. ಅಪ್ಪನಿಗೆ ಟ್ರಾನ್ಸ್‌ಫರ್ ಆಗುವುದು ಸರಿ, ಹೊಸ ಅಪ್ಪ ಬರುವುದು ಹೇಗೆ ಎಂದು ಕೇಳಿದೆ.

ಚೇಟತ್ತಿ ನನ್ನ ಮುಖ ನೋಡಿದಳು. ಮತ್ತೆ ಕ್ಯಾನನ್ನು ರಸ್ತೆಯ ಬದಿಗಿಟ್ಟು, ಸೊಂಟಕ್ಕೆ ಕೈಯಿಟ್ಟು ನಕ್ಕಳು. ಅವರಲ್ಲಿ ಅಚ್ಚನ್ ಅಂದರೆ ಪಾದ್ರಿ. ಪಳ್ಳಿ ಅಂದರೆ ಇಗರ್ಜಿ. ಹೆತ್ತ ತಂದೆಯನ್ನು ಅವಳ ಊರಿನ ಕಡೆಯವರು ಚಾಚನ್ ಎಂದು ಕರೆಯುವುದಂತೆ. ಪಾದ್ರಿಯ ಎದುರು ಮೊಣಕಾಲೂರಿ ಹೇಳಿದ್ದನ್ನು ಅವರು ಯಾರಿಗೂ ಹೇಳುವ ಹಾಗಿಲ್ಲ, ಅದು ಅವರ ಧರ್ಮದ ಕಟ್ಟಳೆ. ಅಂದರೆ ನಾವು ಇಷ್ಟು ದಿನ ಹೊಗಳಿದ ತಂದೆ ತಂದೆಯೇ ಅಲ್ಲ. ಆ ಹುಡುಗಿ ಯಾರಿಗೆ ಹೆದರಿ ಪಾದ್ರಿಯ ಹತ್ತಿರ ಓಡಿದಳೋ ಆ ಸಿಡುಕನೇ ಅವಳ ತಂದೆ.

ಚೇಟತ್ತಿಯ ನಗು ಮುಗಿಯುವಾಗ ನಾನು ನನ್ನ ಕ್ಯಾನನ್ನು ಅವಳ ಕೈಗೆ ಕೊಟ್ಟು ತಿರುಗಿ ನಡೆದಾಗಿತ್ತು. ಪಕ್ಕದ ಮನೆಯ ಹುಡುಗಿ ಬಾಯಿ ಬಿಡುವ ಮೊದಲು ನನ್ನನ್ನು ಮುಟ್ಟಿಸು ದೇವರೇ ಎನ್ನುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತ ಬಂದೆ.

ದೇವರು ಆ ಬೇಡಿಕೆಯನ್ನು ನಡೆಸಿಕೊಡಲಿಲ್ಲ. ಈಗ ಅದನ್ನೂ ಒಂದು ಉಪಕಾರವೆಂದೇ ಎಣಿಸುತ್ತೇನೆ. ನಾನು ಅವರ ಅಂಗಳಕ್ಕೆ ಕಾಲಿಡುವಾಗ ತಂದೆ ಜಗಲಿಯ ಮೇಲೆ ಕೂತಿದ್ದರು, ಮಗಳು ಕಂಬಕ್ಕೆ ಆತು ನಿಂತಿದ್ದಳು. ಎಲ್ಲ ಹೇಳಿ ಆಗಿತ್ತು. ತಾಯಿ ಬಾಗಿಲಲ್ಲಿ ನಿಂತು, ಇವರ ಕಥೆ ಕೇಳಿಯೇ ಇವಳಿಗೆ ನಾಲಿಗೆ ಬಂದದ್ದು ಎಂದು ನನ್ನ ಕಡೆ ಕೈ ತೋರಿಸಿದಳು.

ತಂದೆ ತಲೆಯೆತ್ತಿದರು. "ಆ ಕಥೆಯಲ್ಲಿ ಎಂತ ಮಾಡಿದರಂತೆ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಪೂರ್ತಿ ಕೇಳಿಸಿಕೊಂಡರು," ಎಂದೆ. ಯಾರು ಎಂದು ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಹಾಗೆ ಹೇಳಲೇಬೇಕೆಂದಿಲ್ಲ, ಅದೊಂದು ಸವಲತ್ತು.

ಅವರು ಹೆಂಡತಿಯ ಕಡೆ ತಿರುಗಿದರು. ಕೂಗಾಡಲಿಲ್ಲ. "ಬ್ರೇಕಿನಲ್ಲಿ ಒಂದು ದೋಷ ಉಂಟು ಅಂತಾದರೆ ಅದನ್ನು ಹೇಳದೆ ಬಸ್ಸನ್ನು ಇನ್ನೊಬ್ಬ ಡ್ರೈವರನ ಕೈಗೆ ಕೊಡ್ಲಿಕ್ಕೆ ಆಗ್ತದಾ?" ಎಂದರು.

"ನಾನು ಬಸ್ಸಾ?" ಎಂದಳು ಮಗಳು.

ಅವಳ ತಂದೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮರುದಿನದ ರಜೆಯನ್ನೂ ಕೇಳಿ ಪಡೆದು ಸುಳ್ಯದ ಮೇಲೆ ಸಂಪಾಜೆಗೆ ಹೋದರು. ಮಗಳೂ ಜೊತೆಗೆ ಹೋದಳು, ತಾನೇ ಹೇಳುತ್ತೇನೆ ಎಂದು ಹಟ ಹಿಡಿದು.

ಆಮೇಲೆ ಆ ಕಡೆಯಿಂದ ಬಹಳ ದಿನ ಸುದ್ದಿಯೇ ಇಲ್ಲ. ಅವಳ ತಾಯಿ ತಡ್ಪೆ ಹಿಡಿದು ನಮ್ಮ ಚಾವಡಿಗೆ ಬರುವುದನ್ನು ಬಿಟ್ಟಳು. ನಾನು ಓದುವುದನ್ನು ಬಿಡಲಿಲ್ಲ. ಬಿಟ್ಟರೆ ನಾನೇ ತಪ್ಪು ಮಾಡಿದೆ ಎಂದು ಒಪ್ಪಿದ ಹಾಗೆ. ಸೋಮವಾರ ದೇವಸ್ಥಾನಕ್ಕೆ ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದೆ, ನಿಜ ಹೇಳಿದವಳು ಅದಕ್ಕಾಗಿ ಪಶ್ಚಾತ್ತಾಪ ಪಡುವ ಹಾಗೆ ಮಾಡಬೇಡ ಎಂದು.

ಒಂದು ದಿನ ಗಂಡಿನ ತಾಯಿಯೇ ಹುಡುಗಿಯ ಮನೆಗೆ ಬಂದರು. ತಮ್ಮ ಮನೆಯಲ್ಲಿ ಮಾತುಕತೆ ಜೋರಾಗಿಯೇ ಆಯಿತು, ಬೇಡ ಎಂದವರೂ ಇದ್ದರು ಎಂದು ನೇರವಾಗಿ ಹೇಳಿದರು. ಆದರೆ ಮನೆಗೇ ಬಂದು ಎದುರು ನಿಂತು ಹೇಳಿದ ಹುಡುಗಿಯನ್ನು ಬಿಡಲು ಮಗ ತಯಾರಿಲ್ಲವಂತೆ. ಮತ್ತೆ ಕಾಫಿ ಕುಡಿಯುತ್ತ, "ನಮ್ಮ ಮನೆ ಘಾಟಿ ರಸ್ತೆಗೇ ತಾಗಿ ಉಂಟು. ಲಾರಿಗಳ ಸದ್ದಿಗೆ ನಮಗೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಇವಳು ಬಲಕಿವಿ ದಿಂಬಿಗೊತ್ತಿ ಮಲಗಿದರೆ ಆಯಿತು, ಪುಣ್ಯವಂತೆ," ಎಂದರಂತೆ.

ಮರುದಿನ ಪಕ್ಕದ ಮನೆಯಾಕೆ ಏನೂ ಆಗದವಳ ಹಾಗೆ ತಡ್ಪೆ ಹಿಡಿದು ಬಂದು ಕೂತಳು. ಆಗ ನಾನು ಎಲ್ಲರ ಎದುರು ಅಚ್ಚನ್ ಎಂದರೆ ಯಾರು ಎಂದು ಬಿಡಿಸಿ ಹೇಳಿದೆ. ಅತ್ತೆ ನಕ್ಕು ನಕ್ಕು ಬೀಡಿಯ ಪುಡಿಯನ್ನು ಚೆಲ್ಲಿದರು. ಆಮೇಲೆ ಎಲ್ಲರೂ ಸೇರಿ, ಪಾದ್ರಿ ಬೇಡ, ನಮ್ಮ ಚಾವಡಿಯ ಕಥೆಯಲ್ಲಿ ಅಪ್ಪನೇ ಇರಲಿ ಎಂದು ತೀರ್ಮಾನ ಮಾಡಿದರು. ಬರೆದವರು ಕೇಳಿದರೆ ಎಂತ ಹೇಳುತ್ತಿದ್ದರೋ. ಓದುಗರಿಗೂ ಒಂದು ಹಕ್ಕು ಉಂಟು. ಅಪ್ಪನಿಗೆ ಮಾತ್ರ ಸದ್ಯ ಹೇಳಬೇಡಿ ಎಂದು ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅವರು ಆ ಕಥೆಯ ಅಪ್ಪನ ವಿಷಯವನ್ನು ಬಸ್ಸಿನ ಕಂಡಕ್ಟರನಿಗೂ ಹೇಳಿ ಆಗಿತ್ತಂತೆ.

ಮದುವೆ ಅವರ ಅಂಗಳದಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ಚೇಟತ್ತಿ ನನ್ನ ಪಕ್ಕ ಕೂತಿದ್ದಳು. ಹುಡುಗಿಯ ತಂದೆ ಸ್ವತಃ ಪಾಯಸ ಬಡಿಸುತ್ತ ಬಂದರು. ಅವಳ ಎಲೆಯ ಮುಂದೆ ನಿಂತು, ಆ ಮಲಯಾಳದ ಕಥೆಯನ್ನು ಓದುದು ನೀವೇ ಅಲ್ಲವಾ ಎಂದು ಕೇಳಿದರು. ಹೌದು ಎಂದಳು.

"ಆ ಅಚ್ಚನ್ ಭಾರಿ ಒಳ್ಳೆಯ ಜನ ಅಂತೆ. ನನ್ನಿಂದ ಅಷ್ಟೆಲ್ಲ ಆಗ್ಲಿಕ್ಕಿಲ್ಲ," ಎಂದರು, ಸ್ವಲ್ಪ ನಾಚಿಕೊಂಡೇ.

ಚೇಟತ್ತಿ ತನ್ನ ಮುರುಕು ತುಳುವಿನಲ್ಲಿ ಹೇಳಿದಳು, "ನೀವು ಅವರಿಗಿಂತ ದೊಡ್ಡವರು. ಅವರಿಗೆ ಮಕ್ಕಳಿಲ್ಲ. ಒಳ್ಳೆಯವರಾಗುದು ಸುಲಭ."

ಪಾಯಸದ ಸೌಟು ಅಲ್ಲೇ ನಿಂತಿತು. "ಮಕ್ಕಳಿಲ್ಲದ ಅಪ್ಪನಾ?" ಎಂದು ಅವರು ನನ್ನ ಕಡೆ ತಿರುಗಿದರು.

ಮೊದಲು ಬಡಿಸಿ, ಈ ಪಂಕ್ತಿ ಏಳಲಿ, ಕೂತು ಹೇಳುತ್ತೇನೆ ಎಂದೆ. ಅವರು ಬಡಿಸಿದರು.