ಮಳೆ ಬಿದ್ದ ಮೇಲಿನ ಹಲಸು

ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತುವಾಗ ಜೂನ್ ತಿಂಗಳ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಗೆಳತಿ ಶಶಿಕಲಾ ತನ್ನ ಚೀಲವನ್ನು ನನ್ನ ಮಡಿಲಿಗೆ ಹಾಕಿ, "ಜಾಗ್ರತೆ ಮಾರಾಯ್ತಿ, ಇದರಲ್ಲಿ ನನ್ನ ಕೆಲಸ ಉಂಟು" ಎಂದಳು. ಇಣುಕಿ ನೋಡಿದೆ. ಒಂದು ಕತ್ತಿ, ತೆಂಗಿನೆಣ್ಣೆಯ ಬಾಟಲಿ, ಹಳೆಯ ಪೇಪರು, ಮತ್ತು ಹಣ್ಣಿನ ರಸದ ಒಂದು ಹನಿ ಹಾಕಿ ಸಿಹಿ ಎಷ್ಟೆಂದು ನೋಡುವ ಪುಟ್ಟ ದುರ್ಬೀನಿನಂಥ ಉಪಕರಣ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ, ನಿಜ. ಆದರೆ ವಾಮದಪದವಿನ ಕಡೆಗೆ ನಮಗೆ ಸಿಕ್ಕಿದ್ದು ಖಾಸಗಿ ಬಸ್ಸು. ಟಿಕೆಟ್ ನಾನೇ ತೆಗೆದೆ.

ಶಶಿ ಮತ್ತು ನಾನು ಕೃಷಿ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಮ್ಮ ತರಗತಿಯ ಹೆಚ್ಚಿನವರು ನನ್ನ ಹಾಗೆ ಬ್ಯಾಂಕಿನ ಕೃಷಿ ಅಧಿಕಾರಿಗಳಾದರು. ಕೆಲವರು ಕೀಟನಾಶಕದ ಕಂಪೆನಿ ಸೇರಿ ಬೇಗ ಕಾರು ಕೊಂಡರು. ಇವಳೊಬ್ಬಳು ಹಲಸಿನ ಸಂಶೋಧನೆ ಹಿಡಿದು ಕೂತಳು. ಭತ್ತದ ಸಂಶೋಧಕರು ವರ್ಷಕ್ಕೆ ಎರಡು ಬೆಳೆ ನೋಡಿ, ಪ್ರಬಂಧ ಬರೆದು ಮೇಲೇರುತ್ತಾರೆ. ಹಲಸಿನವಳು ಕಸಿಗಿಡ ನೆಟ್ಟು ಮೊದಲ ಹಣ್ಣಿಗೇ ವರ್ಷಗಟ್ಟಲೆ ಕಾಯಬೇಕು. ಮರ ನೂರು ವರ್ಷ ಬಾಳುತ್ತದೆ, ಅದರ ಸಂಶೋಧಕಿಯ ತಾತ್ಕಾಲಿಕ ನೇಮಕ ಹನ್ನೊಂದು ತಿಂಗಳಿಗೊಮ್ಮೆ ಮುಗಿಯುತ್ತದೆ. "ನೀನು ಮದುವೆಯಾದದ್ದು ಹಲಸನ್ನು" ಎಂದು ನಾನು ಛೇಡಿಸಿದರೆ, "ಯಾವ ಗಂಡ ಇಷ್ಟು ಅಂಟಿಕೊಳ್ತಾನೆ ಹೇಳು" ಎನ್ನುತ್ತಾಳೆ.

ಬಂಟ್ವಾಳ ದಾಟಿದ ಮೇಲೆ ಶಶಿ ಕಿಟಕಿಯ ನೀರು ಒರೆಸಿ ಹೆದ್ದಾರಿಯ ಬದಿಯ ಒಂದು ಜಾಗ ತೋರಿಸಿದಳು. ಅಲ್ಲಿ ಹಿಂದೆ ಒಂದು ಬಕ್ಕೆ ಹಲಸಿನ ಮರವಿತ್ತು. ಬಕ್ಕೆ ಎಂದರೆ ಗಟ್ಟಿ ತೊಳೆಯ ಹಲಸು. ನಮ್ಮ ಕಡೆ ಮಳೆ ಹಿಡಿಯಿತೆಂದರೆ ಹಲಸಿನ ಕಾಲ ಮುಗಿಯಿತು. ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಹೊಟ್ಟೆಗೂ ಆಗದು ಎಂದು ದನಕ್ಕೆ ಹಾಕುತ್ತೇವೆ. ಆ ಮರದ ಹಣ್ಣು ಮಾತ್ರ ಮಳೆಯಲ್ಲೂ ಗಟ್ಟಿಯಾಗಿ, ಸಿಹಿಯಾಗಿ ಇರುತ್ತಿತ್ತು. ಶಶಿ ಅದರ ಕಸಿ ಕಟ್ಟಿ ಮೂರು ಊರಿನಲ್ಲಿ ನೆಡಿಸಿದಳು. ಆಮೇಲೆ ರಸ್ತೆ ಅಗಲವಾಗುವಾಗ ತಾಯಿಮರವೇ ಹೋಯಿತು. ಈಗ ಉಳಿದಿರುವುದು ಆ ಮೂರು ಗಿಡ, ಮೂರರಲ್ಲೂ ಈ ವರ್ಷ ಮೊದಲ ಫಲ. ಅವಳ ಕೇಂದ್ರದ ಮುಖ್ಯಸ್ಥರು ಮೊದಲೇ ಹೇಳಿದ್ದರು: ಮಳೆಯಲ್ಲಿ ಮೂರೂ ಕಡೆ ರುಚಿ ನಿಂತರೆ ಹೊಸ ತಳಿಯಾಗಿ ಬಿಡುಗಡೆಗೆ ಕಳಿಸುವುದು, ಯೋಜನೆ ಅವಳ ಕೈಯಲ್ಲೇ ಮುಂದುವರಿಯುವುದು. ಒಂದು ಕಡೆ ತಪ್ಪಿದರೂ ಈ ತಿಂಗಳ ಕೊನೆಗೆ ಯೋಜನೆಯೂ ಇಲ್ಲ, ಅವಳ ಕೆಲಸವೂ ಇಲ್ಲ. ಇಷ್ಟು ದೊಡ್ಡ ಪರೀಕ್ಷೆಗೆ ಕಚೇರಿಯ ಜೀಪು ಸಿಗಲಿಲ್ಲ. ನನಗೆ ಉರಿಯಿತು, ಎರಡು ದಿನ ರಜೆ ಹಾಕಿ ಹೊರಟೆ.

ವಾಮದಪದವಿನಲ್ಲಿ ಇಳಿದು, ಪೇಟೆಯ ಅಂಗಡಿಗಳನ್ನು ದಾಟಿ ಕೆಸರಿನ ದಾರಿಯಲ್ಲಿ ನಡೆದೆವು. ಲಿಲ್ಲಿಬಾಯಿ ಎಂಬ ಹೆಂಗಸಿನ ಅಂಗಳದಲ್ಲಿ ಮೊದಲನೆಯ ಗಿಡ. ಶಶಿ ಕೈಗೆ ಎಣ್ಣೆ ಸವರಿ ಹಣ್ಣು ಕೊಯ್ದಳು. ತೊಳೆ ಬೆರಳಲ್ಲಿ ಬಾಗಿಸಿದರೆ ಟಕ್ಕೆಂದು ಮುರಿಯಿತು. ದುರ್ಬೀನಿನಲ್ಲಿ ನೋಡಿದವಳ ಮುಖವೇ ಎಲ್ಲ ಹೇಳಿತು. "ತಿನ್ನು" ಎಂದು ನನಗೊಂದು ಕೊಟ್ಟಳು. "ಬೇಡ, ಮಳೆ ಬಂದ ಮೇಲೆ ನಾನು ಹಲಸು ಮುಟ್ಟುವುದಿಲ್ಲ" ಎಂದೆ. ಲಿಲ್ಲಿಬಾಯಿಯೂ, "ನಾವೂ ಇಲ್ಲಪ್ಪ" ಎಂದು ನನ್ನ ಪಕ್ಷ ಸೇರಿದರು.

ಸಿದ್ಧಕಟ್ಟೆ ದಾರಿಯಾಗಿ ಮೂಡಬಿದಿರೆಗೆ ಬಂದಾಗ ಮಧ್ಯಾಹ್ನ. ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಸಾರು, ಬಿಸಿ ಗೋಳಿಬಜೆ. ಎರಡನೆಯ ಗಿಡ ನಿವೃತ್ತ ಮಾಸ್ತರರೊಬ್ಬರ ಹಿತ್ತಲಿನಲ್ಲಿತ್ತು. ಅಲ್ಲೂ ಹಣ್ಣು ಗಟ್ಟಿ, ಸಿಹಿ. ಮಾಸ್ತರರು ಕನ್ನಡಕ ಏರಿಸಿ ತೊಳೆಯನ್ನು ದೂರದಿಂದಲೇ ನೋಡಿದರು. "ಸಂಶೋಧನೆ ಒಳ್ಳೆಯದು. ಆದರೆ ಮಳೆಗಾಲದಲ್ಲಿ ಇದನ್ನು ತಿನ್ನುವವರು ಯಾರು?" ಎಂದರು. ಶಶಿ ದುರ್ಬೀನು ಒರೆಸಿ ಚೀಲಕ್ಕೆ ಹಾಕಿದಳು. ರಾತ್ರಿಗೆ ಅಲ್ಲೇ ಲಾಡ್ಜಿನಲ್ಲಿ ಉಳಿದೆವು. "ಎರಡು ಪಾಸಾಯ್ತಲ್ಲ, ಇನ್ನೂ ಎಂತಕ್ಕೆ ಸಪ್ಪೆ ಮುಖ?" ಎಂದು ಕೇಳಿದೆ. "ಮೂರನೆಯದು ಚಾರ್ಮಾಡಿಯಲ್ಲಿ. ಘಟ್ಟದ ಬುಡದ ಮಳೆ ಬೇರೆ" ಎಂದಳು.

ಮರುದಿನ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಉಜಿರೆಯಲ್ಲಿ ಕಾಲೇಜಿನ ಮಕ್ಕಳ ಕೊಡೆಗಳ ನಡುವೆ ತೂರಿಕೊಂಡು ಚಹಾ, ಬನ್ಸ್ ಮುಗಿಸಿ ಚಾರ್ಮಾಡಿಯ ಬಸ್ಸು ಹಿಡಿದೆವು. ಇದು ಸರಕಾರಿ ಬಸ್ಸು, ಅಂತೂ ನಮಗೂ ಉಚಿತ ಯೋಗ ಬಂತು. ಘಟ್ಟ ಮೋಡದೊಳಗೆ ಹೊಕ್ಕು ಕಾಣದಾಗಿತ್ತು. ಮೂರನೆಯ ಗಿಡವಿದ್ದ ಬಾಬು ಗೌಡರ ಮನೆಗೆ ಫೋನು ತಾಗದೆ ವಾರವೇ ಆಗಿತ್ತು. ತಾನು ಬರುವ ತನಕ ಹಣ್ಣು ಮುಟ್ಟಬೇಡಿ ಎಂದು ಶಶಿ ಅವರಿಗೆ ಮೊದಲೇ ಹೇಳಿಟ್ಟಿದ್ದಳು.

ಗಿಡದ ಬುಡಕ್ಕೆ ಹೋದವಳು ಹಾಗೇ ನಿಂತಳು. ಗಿಡದಲ್ಲಿ ಒಂದು ಹಣ್ಣೂ ಇರಲಿಲ್ಲ.

ಗೌಡರು ತಲೆ ಕೆರೆದುಕೊಂಡರು. "ಮಳೆ ಜೋರು ಬಂತಲ್ಲ ಅಕ್ಕ. ಇನ್ನು ಹಲಸು ಎಂತಕ್ಕೆ ಅಂತ... ದನಕ್ಕೆ ಹಾಕಿ ಆಯ್ತು."

ಶಶಿ ಜಗಲಿಯ ಮೆಟ್ಟಿಲಲ್ಲಿ ಕುಸಿದು ಕೂತಳು. ಇಷ್ಟು ವರ್ಷದ ಕೆಲಸ ದನದ ಹೊಟ್ಟೆ ಸೇರಿತ್ತು. ನನಗೆ ಗೌಡರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಬಿಡುವಷ್ಟರಲ್ಲಿ ಅವರ ಹೆಂಡತಿ ಹೊನ್ನಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

"ದನಕ್ಕೆ ಎಂತ ಹಾಕಿದ್ದು, ಸರಿಯಾಗಿ ಹೇಳಿ ನೋಡುವ!"

ಗೌಡರು ಮಳೆಯನ್ನು ನೋಡತೊಡಗಿದರು.

"ದನಕ್ಕೆ ಸಿಕ್ಕಿದ್ದು ಸಿಪ್ಪೆ ಮಾತ್ರ ಅಕ್ಕ! ಕಡಿದು ಹಾಕ್ತೇನೆ ಅಂತ ಕೊಟ್ಟಿಗೆಗೆ ಹೋದವರು ಬರಲೇ ಇಲ್ಲ. ಹೋಗಿ ನೋಡಿದರೆ ಕೂತು ತಿಂತಾ ಇದ್ದಾರೆ. ಮಳೆಗಾಲದಲ್ಲಿ!"

"ಸಪ್ಪೆಯಾ ಅಂತ ಒಂದು ಬಾಯಿಗೆ ಹಾಕಿದೆ" ಎಂದರು ಗೌಡರು ಸಣ್ಣ ದನಿಯಲ್ಲಿ. "ಆಮೇಲೆ ಕೈ ನಿಲ್ಲಲಿಲ್ಲ. ನೀವು ಮುಟ್ಟಬೇಡಿ ಅಂದಿದ್ದಿರಿ, ಹೇಳಲಿಕ್ಕೆ ನಾಚಿಕೆ ಆಯ್ತು. ಎರಡನೆಯದನ್ನು ಇವಳೂ ತಿಂದಿದ್ದಾಳೆ, ಕೇಳಿ!"

ಶಶಿ ಎದ್ದು ನಿಂತಳು. "ಗೌಡ್ರೇ, ಮತ್ತೆ ಉಂಟಾ? ಒಂದಾದರೂ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಕೊನೆಗೆ ಗೌಡರು ಒಳಗೆ ಹೋಗಿ, ಅಟ್ಟದಲ್ಲಿ ಗೋಣಿ ಮುಚ್ಚಿ ಇಟ್ಟಿದ್ದ ಒಂದು ಹಣ್ಣನ್ನು ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತು ತಂದರು. ಮನೆಯೆಲ್ಲ ಘಮಘಮ. ಶಶಿ ಕೈಗೆ ಎಣ್ಣೆ ಸವರಿಕೊಂಡಳು, ಕತ್ತಿಯನ್ನು ಗೌಡರೇ ಹಿಡಿದರು. ತೊಳೆ ಇಲ್ಲೂ ಟಕ್ಕೆಂದು ಮುರಿಯಿತು. ದುರ್ಬೀನಿನಲ್ಲಿ ಒಮ್ಮೆ ನೋಡಿದಳು, ಗಾಜು ಒರೆಸಿ ಇನ್ನೊಂದು ಹನಿ ಹಾಕಿ ನೋಡಿದಳು. ಮೂರು ಊರಿನಲ್ಲಿ ಅತಿ ಸಿಹಿ ಹಣ್ಣು ಚಾರ್ಮಾಡಿಯದೇ! "ಗೆದ್ದೆ ಮಾರಾಯ್ತಿ!" ಎಂದು ಎಣ್ಣೆಗೈಯಲ್ಲೇ ನನ್ನನ್ನು ತಬ್ಬಿದಳು. ನನ್ನ ಹೊಸ ಚೂಡಿದಾರದಲ್ಲಿ ಆ ಕೈಗಳ ಗುರುತು ಇನ್ನೂ ಇದೆ. ಗೆಳತಿಯ ಬಗ್ಗೆ ಅಂದು ಪಟ್ಟಷ್ಟು ಹೆಮ್ಮೆ ನನ್ನ ಸ್ವಂತ ಬಡ್ತಿಯ ದಿನವೂ ಪಟ್ಟಿರಲಿಲ್ಲ.

ಕೇಂದ್ರಕ್ಕೆ ತೋರಿಸಲು ಹಣ್ಣು ಕೊಂಡುಹೋಗುತ್ತೇನೆ ಎಂದಾಗ ಹೊನ್ನಮ್ಮ ಅಡ್ಡ ನಿಂತರು. "ಅರ್ಧ ಇಲ್ಲಿ ಬಿಟ್ಟು ಹೋಗಿ." ಕಸಿಗಿಡ ನೆಡಲು ಜಾಗ ಕೊಡಿ ಎಂದು ಒಂದು ಕಾಲದಲ್ಲಿ ಮನೆಮನೆ ಬೇಡಿದವಳು ಈಗ ತನ್ನದೇ ಹಣ್ಣಿನ ಅರ್ಧಕ್ಕೆ ಚೌಕಾಸಿ ಮಾಡಬೇಕಾಯಿತು. ಅಷ್ಟು ಸಂತೋಷದಿಂದ ಚೌಕಾಸಿಯಲ್ಲಿ ಸೋತವರನ್ನು ನಾನು ಕಂಡಿಲ್ಲ.

ರಸ್ತೆಗೆ ಬಂದಾಗ ಫೋನಿಗೆ ಜೀವ ಬಂತು. ಮುಖ್ಯಸ್ಥರು ಎಲ್ಲ ಕೇಳಿ, "ವರದಿ ಬರೆಯಿರಿ, ಬಿಡುಗಡೆಗೆ ಕಳಿಸುವ. ಯೋಜನೆ ನಿಮ್ಮದೇ" ಎಂದರು. ಶಶಿ ಫೋನು ಇಟ್ಟು ಮೂಗು ಒರೆಸಿಕೊಂಡಳು.

ಬೆಳ್ತಂಗಡಿಯ ಬಸ್ಸಿನಲ್ಲಿ ಹಣ್ಣಿನ ಪರಿಮಳ ಹಿಂದಿನ ಸೀಟಿನವರೆಗೂ ಹರಡಿತು. "ಮಳೆಗಾಲದಲ್ಲಿ ಎಂತ ಹಲಸು?" ಎಂದು ನಕ್ಕ ಕಂಡಕ್ಟರ್ ಒಂದು ತೊಳೆ ತಿಂದವನು ಟಿಕೆಟ್ ಕೊಡುವ ನೆಪದಲ್ಲಿ ಮತ್ತೆ ನಮ್ಮ ಸೀಟಿನ ಹತ್ತಿರವೇ ಸುಳಿದ. ಎರಡು ದಿನದಿಂದ ಬಾಯಿ ಬಿಗಿದುಕೊಂಡಿದ್ದ ನಾನೂ ಒಂದು ತೆಗೆದೆ. ಆಮೇಲೆ ಇನ್ನೊಂದು. ಹಿಂದೆ ತಿರುಗಿ ನೋಡಿದರೆ ಘಟ್ಟದ ಮೇಲೆ ಮಳೆ ಇನ್ನೂ ಸುರಿಯುತ್ತಲೇ ಇತ್ತು. ಮೂರನೆಯದಕ್ಕೆ ಕೈ ಹಾಕಿದಾಗ ಶಶಿ ಚೀಲದ ಬಾಯಿ ಬಿಗಿದು ಎದೆಗೆ ಅವುಚಿಕೊಂಡಳು.

"ಸಾಕು ಮಾರಾಯ್ತಿ, ಉಳಿದದ್ದು ಸರಕಾರದ್ದು!"